ಡಿಪ್ಲೊಮಾ ಮೊದಲ ಸೆಮಿಸ್ಟರ್: ಬೇಸಿಕ್ಸ್ ಹಿಡಿಯುವುದು ಹೇಗೆ?

ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕೊಪ್ಪಳದ ಕಡೆ ಪಾಲಿಟೆಕ್ನಿಕ್ ಸೇರಿದವರಿಗೆ ಮೊದಲ ತಿಂಗಳು ತಲೆ ಗಿರ್ ಅನ್ನುತ್ತದೆ. ನನಗೂ ಅಂದಿತ್ತು. ಆದರೆ ವಿಷಯ ಅಷ್ಟೇನೂ ಹೊಸದಲ್ಲ, ಹೆಸರು ಹೊಸದು. ಹತ್ತನೇ ಕ್ಲಾಸಿನ ವಿಭವಾಂತರವೇ ಇಲ್ಲಿ ಪೊಟೆನ್ಶಿಯಲ್ ಡಿಫರೆನ್ಸ್, ರೋಧವೇ ರೆಸಿಸ್ಟೆನ್ಸ್, ವೇಗೋತ್ಕರ್ಷವೇ ಆಕ್ಸಲರೇಷನ್. ಒಂದು ನೋಟ್‌ಬುಕ್ ತಗೊಳ್ಳಿ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡ ಪದ, ಬಲಕ್ಕೆ ಯೂನಿಟ್. ಯೂನಿಟ್ ಬಿಡಲೇಬೇಡಿ. ಮಿಲಿಮೀಟರನ್ನು ಮೀಟರ್ ಮಾಡದೆ ಫಾರ್ಮುಲಾಕ್ಕೆ ತುಂಬಿ, ಸಾವಿರ ಪಟ್ಟು ತಪ್ಪು ಉತ್ತರ ಬರೆದು, ಅದರ ಕೆಳಗೆ ಎರಡು ಗೆರೆ ಬೇರೆ ಎಳೆದು ಬಂದವನು ನಾನು.

ಡ್ರಾಯಿಂಗ್‌ಗೆ ಬಟ್ಟೆ ಸೋಪು ತನ್ನಿ. ತಮಾಷೆ ಅಲ್ಲ. ಪುಸ್ತಕದಲ್ಲಿರುವ ಆಕಾರಕ್ಕೆ ಚಾಕುವಿನಿಂದ ಕತ್ತರಿಸಿ, ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಒಂದೇ ಕಣ್ಣಲ್ಲಿ ನೋಡಿ ಬರೆಯಿರಿ. ಈ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಒಂದು ಪದ್ಧತಿಯಾದ ಫಸ್ಟ್ ಆಂಗಲ್‌ನಲ್ಲಿ ಟಾಪ್ ವ್ಯೂ, ಅಂದರೆ ಮೇಲಿನ ನೋಟ, ಎದುರಿನ ನೋಟದ ಕೆಳಗೆ ಬರುತ್ತದೆ, ಇದನ್ನು ಉಲ್ಟಾ ಮಾಡಿದವರೇ ಜಾಸ್ತಿ.

ಸಣ್ಣ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಕಲಿಯುವುದು ಹತ್ತು ನಿಮಿಷದ ಕೆಲಸ. ಅದರ ಜಾರುವ ಸ್ಕೇಲ್ 50 ಗೆರೆಯದಾದರೆ ಒಂದು ಗೆರೆಗೆ 0.02 ಮಿ.ಮೀ. ಮೇನ್ ಸ್ಕೇಲ್ 12, ಅದರ ಗೆರೆಗೆ ನೇರವಾಗಿ ಹೊಂದಿದ್ದು ಜಾರುವ ಸ್ಕೇಲಿನ 37ನೇ ಗೆರೆ ಅಂದರೆ 12.74 ಮಿ.ಮೀ. ಮೊದಲು ದವಡೆ ಮುಚ್ಚಿ ಸೊನ್ನೆ ಸರಿ ಇದೆಯಾ ನೋಡಿಕೊಳ್ಳಿ, ಅಷ್ಟೇ.

ಜಾಸ್ತಿ ಹೊತ್ತು ಕೊಡಬೇಕಾದ್ದು ಮೆಕ್ಯಾನಿಕ್ಸ್‌ಗೆ, ಅದರಲ್ಲೂ ಒಂದು ವಸ್ತುವನ್ನು ಬಿಡಿಯಾಗಿ ಬರೆದು ಅದರ ಮೇಲಿನ ಬಲಗಳನ್ನೆಲ್ಲ ಬಾಣದಲ್ಲಿ ತೋರಿಸುವ ಫ್ರೀ ಬಾಡಿ ಡಯಾಗ್ರಮ್‌ಗೆ. ನಮ್ಮ ಟಿಬಿ (ತುಂಗಭದ್ರಾ) ಡ್ಯಾಮಿನ ಗೇಟನ್ನೇ ತಗೊಳ್ಳಿ. 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಲೆಕ್ಕಕ್ಕೆ 18 ಮೀಟರ್, 6 ಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ ಅಲ್ವಾ? ಗೇಟಿನ ತುದಿವರೆಗೆ ನೀರು ನಿಂತರೆ ಮೇಲ್ತುದಿಯಲ್ಲಿ ಒತ್ತಡ ಸೊನ್ನೆ, ಬುಡದಲ್ಲಿ ಚದರ ಮೀಟರಿಗೆ 6 ಟನ್, ಸರಾಸರಿ 3. ವಿಸ್ತೀರ್ಣ 108 ಚದರ ಮೀಟರ್. ಗುಣಿಸಿದರೆ 324 ಟನ್!

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಹಾಗಾದರೆ ಆ ಚೈನ್ 324 ಟನ್ ಹೊತ್ತಿತ್ತಾ? ಇಲ್ಲ. ಇಲ್ಲೇ ಎಲ್ಲರೂ ಎಡವುವುದು. ಒಂದು ಚೌಕ ಬರೆದು ಬಾಣ ಹಾಕಿ ನೋಡಿ. ನೀರು ತಳ್ಳುವುದು ಅಡ್ಡಕ್ಕೆ, ಅದನ್ನು ತಡೆಯುವುದು ಎರಡೂ ಬದಿಯ ಕಂಬ. ಚೈನಿನ ಪಾಲಿಗೆ ಬರುವುದು ಗೇಟಿನ ತೂಕ, ಜೊತೆಗೆ ಎತ್ತುವಾಗಿನ ತಿಕ್ಕಾಟ. ಆದರೆ ತಿಕ್ಕಾಟಕ್ಕೆ ಕಾರಣ ಅದೇ ಅಡ್ಡ ಬಲ. ಬಾಣ ಹಾಕದೆ ಸುಮ್ನೆ ಫಾರ್ಮುಲಾ ಉರು ಹೊಡೆದರೆ ಇದು ಹೊಳೆಯುವುದೇ ಇಲ್ಲ. ದಿನಕ್ಕೆ ಒಂದು ವಸ್ತು ಸಾಕು: ಬಾವಿ ರಾಟೆ, ಗೋಡೆಗೆ ಒರಗಿಸಿದ ಏಣಿ, ಎತ್ತಿನ ಬಂಡಿ.

ಗಣಿತ ಕಷ್ಟ ಅನ್ನುವವರು ಅದರಲ್ಲಿ ಫೇಲಾಗಿ ಬ್ಯಾಕ್ ಉಳಿಸಿಕೊಳ್ಳಬೇಡಿ. ಮೂರು ವರ್ಷ ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಹೋಗಬಹುದು, ಅಲ್ಲಿ ಮತ್ತೆ ಇದೇ ಗಣಿತ ಬಾಗಿಲಲ್ಲಿ ಕೂತಿರುತ್ತದೆ.