ಎಸ್‌ಎಸ್‌ಬಿ ಮೈದಾನದಲ್ಲಿ ಕೂಗಬೇಡಿ, ಹಲಗೆ ಹಿಡಿಯಿರಿ

ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆದ ಮಕ್ಕಳು ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಎಡವುವುದನ್ನು ಬಹಳ ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ಜೋರಾಗಿ ಮಾತಾಡುವವನೇ ನಾಯಕ ಎಂದು ಯಾರೋ ತಲೆಗೆ ತುಂಬಿರುತ್ತಾರೆ.

ಮೊದಲು ಅರ್ಜಿ. ಪಿಯುಸಿಯವರಿಗೆ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆ, ಪದವೀಧರರಿಗೆ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ. ಎರಡನ್ನೂ ಯುಪಿಎಸ್‌ಸಿ ವರ್ಷಕ್ಕೆ 2 ಸಲ ನಡೆಸುತ್ತದೆ. ಎನ್‌ಡಿಎ ಲಿಖಿತಕ್ಕೆ 900 ಅಂಕ, ಎಸ್‌ಎಸ್‌ಬಿಗೂ 900. ಗಣಿತ ಗಟ್ಟಿ ಮಾಡಿಕೊಳ್ಳಿ, ದಿನಾ ಓಡಿ.

ಎಸ್‌ಎಸ್‌ಬಿ 5 ದಿನದ್ದು. ಮೊದಲ ದಿನ ಮಸುಕಾದ ಚಿತ್ರವೊಂದನ್ನು 30 ಸೆಕೆಂಡ್ ತೋರಿಸುತ್ತಾರೆ. 4 ನಿಮಿಷದಲ್ಲಿ ಕತೆ ಬರೆದು, ಆಮೇಲೆ ಗುಂಪಿನಲ್ಲಿ ಚರ್ಚಿಸಬೇಕು. ಇಲ್ಲಿ ಆಯ್ಕೆಯಾಗದವರು ಅವತ್ತೇ ವಾಪಸ್.

ಮುಂದೆ ಮನೋವೈಜ್ಞಾನಿಕ ಪರೀಕ್ಷೆ. 60 ಪದ ತೋರಿಸುತ್ತಾರೆ, ಒಂದೊಂದಕ್ಕೂ ಹೊಳೆದ ವಾಕ್ಯವನ್ನು 15 ಸೆಕೆಂಡ್‌ನಲ್ಲಿ ಬರೆಯಬೇಕು. ಇದಕ್ಕೆ ಸಿದ್ಧ ಉತ್ತರಗಳ ಪುಸ್ತಕ ಸಿಗುತ್ತದೆ, ದಯವಿಟ್ಟು ಕೊಳ್ಳಬೇಡಿ. ನಿಮ್ಮ ಬರಹವನ್ನು ಒಬ್ಬರು, ಮೈದಾನದ ನಡವಳಿಕೆಯನ್ನು ಇನ್ನೊಬ್ಬರು, ಮಾತನ್ನು ಮತ್ತೊಬ್ಬರು ಬೇರೆ ಬೇರೆಯಾಗಿ ನೋಡುತ್ತಾರೆ. ಬಾಯಿಪಾಠದ ಧೈರ್ಯ ಮೈದಾನದಲ್ಲಿ ಕಾಣದಿದ್ದರೆ ಮೂರೂ ತಾಳೆಯಾಗುವುದಿಲ್ಲ ಅಲ್ವಾ?

ಈಗ ಮೈದಾನ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಗುಂಪಿಗೆ ಹಲಗೆ, ಮರದ ದಿಮ್ಮಿ, ಹಗ್ಗ, ಜೊತೆಗೆ ಸಾಗಿಸಲೊಂದು ಹೊರೆ ಕೊಡುತ್ತಾರೆ. ನೆಲ ಮುಟ್ಟದೆ ಅಡೆತಡೆ ದಾಟಬೇಕು. ಕೆಂಪು ಬಣ್ಣದ ಭಾಗ ಮುಟ್ಟುವಂತಿಲ್ಲ. ಗಟ್ಟಿ ವಸ್ತು ಎರಡನ್ನು ಒಂದಕ್ಕೊಂದು ಕಟ್ಟುವಂತಿಲ್ಲ. ನಾಯಕ ಅಂತ ಯಾರನ್ನೂ ನೇಮಿಸಿರುವುದಿಲ್ಲ, ಹಾಗಾಗಿ ಎಲ್ಲರೂ ಒಟ್ಟಿಗೆ ಕೂಗಲು ಶುರು ಮಾಡುತ್ತಾರೆ.

ನೀವು ಹೀಗೆ ಮಾಡಿ. ನಿಯಮ ಹೇಳುವಾಗ ಅಡೆತಡೆ ಕಡೆ ಕಣ್ಣು ಹಾಯಿಸುತ್ತಾ ನಿಲ್ಲಬೇಡಿ, ಪೂರ್ತಿ ಕೇಳಿ. ಆಮೇಲೆ ಹಲಗೆ ಎಲ್ಲಿಂದ ಎಲ್ಲಿಗೆ ಎಟುಕುತ್ತದೆ ಅಂತ ಕಣ್ಣಲ್ಲೇ ಅಳೆಯಿರಿ. ಉಪಾಯ ಹೊಳೆದರೆ ಒಂದೇ ವಾಕ್ಯದಲ್ಲಿ ಹೇಳಿ, ಹೇಳುತ್ತಲೇ ಹಲಗೆಯ ಒಂದು ತುದಿ ಹಿಡಿಯಿರಿ. ಪಕ್ಕದವನ ಉಪಾಯ ಚೆನ್ನಾಗಿದ್ದರೆ ‘ಇದೇ ಸರಿ’ ಎಂದು ಅವನ ಜೊತೆ ಕೈಜೋಡಿಸಿ. ಇದರಿಂದ ನೀವು ಚಿಕ್ಕವರಾಗುವುದಿಲ್ಲ, ಗುಂಪು ಮುಂದೆ ಹೋಗುತ್ತದೆ. ನೀವು ದಾಟಿದ ಮೇಲೆ ತಿರುಗಿ ನೋಡಿ. ಹೊರೆ ಅಲ್ಲೇ ಉಳಿದಿರುತ್ತದೆ, ಎತ್ತರಕ್ಕೆ ಹೆದರಿದ ಒಬ್ಬರು ಹಿಂದೆ ನಿಂತಿರುತ್ತಾರೆ. ಅವರಿಗೆ ಕೈ ಕೊಡಿ. ನಿಯಮ ಮುರಿದರೆ, ಯಾರೂ ನೋಡದಿದ್ದರೂ ನೀವೇ ಹಿಂದಕ್ಕೆ ಹೋಗಿ.

ಕಮಾಂಡ್ ಟಾಸ್ಕ್ ಎಂಬ ಇನ್ನೊಂದು ಮೈದಾನದ ಪರೀಕ್ಷೆಯಲ್ಲಿ ಮಾತ್ರ ನೀವೇ ನಾಯಕರು, ಸಹಾಯಕರನ್ನು ನೀವೇ ಆರಿಸಬೇಕು. ಸ್ನೇಹಿತ ಅಂತ ಕರೆಯಬೇಡಿ, ಆ ಕೆಲಸಕ್ಕೆ ಆಗುವವರನ್ನು ಕರೆಯಿರಿ. ಮೊದಲು ಯೋಜನೆ ತಿಳಿಸಿ, ಆಮೇಲೆ ಎದೆಯ ಮೇಲಿನ ನಂಬರ್‌ನಿಂದ ಕರೆದು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ. ಸಹಾಯಕರನ್ನು ಸುಮ್ನೆ ನಿಲ್ಲಿಸಿ ಎಲ್ಲವನ್ನೂ ತಾವೇ ಮಾಡುವವರೇ ಜಾಸ್ತಿ. ನಡುವೆ ಅಧಿಕಾರಿ ಹೊಸ ಷರತ್ತು ಹಾಕಿದರೆ ವಾದಿಸಬೇಡಿ, ದಾರಿ ಬದಲಿಸಿ.

ಇದು ಕನ್ನಡಿ ಮುಂದೆ ಬರುವ ವಿದ್ಯೆಯಲ್ಲ. ನನ್ನ ಕೇಳಿದರೆ ಕೋಚಿಂಗ್‌ಗಿಂತ ಎನ್‌ಸಿಸಿ ಸೇರಿ, ಇಲ್ಲವೇ ಕಬಡ್ಡಿ, ವಾಲಿಬಾಲ್ ತಂಡ ಕಟ್ಟಿ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಇರುವ ಪದವೀಧರರಿಗೆ ಭೂಸೇನೆಯಲ್ಲಿ ಲಿಖಿತ ಪರೀಕ್ಷೆ ಇಲ್ಲದ ಪ್ರವೇಶವೂ ಇದೆ.

ಸಂದರ್ಶನದಲ್ಲಿ ನಿಜ ಹೇಳಿ. ಕೊನೆಯ ದಿನ ಪರೀಕ್ಷಕರೆಲ್ಲ ಒಟ್ಟಿಗೆ ಕೂತು ನಿಮ್ಮನ್ನು ಕರೆಯುವ ಕಾನ್ಫರೆನ್ಸ್‌ನಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸಿ. ಆಯ್ಕೆಯಾದರೆ ಮುಂದಿನದು ವೈದ್ಯಕೀಯ ಪರೀಕ್ಷೆ. ಕಣ್ಣು, ಕಿವಿ, ಹಲ್ಲನ್ನು ಹೊರಡುವ ಮೊದಲೇ ವೈದ್ಯರಿಗೆ ತೋರಿಸಿಕೊಂಡಿರಿ.