ತವರಿನ ಹೆಸರು ಹಿಡಿದು ಸ್ಕಾಟ್ಲೆಂಡಿನ ಹಿರಿಯರನ್ನು ಹುಡುಕುವುದು ಹೇಗೆ?

ಸ್ಕಾಟ್ಲೆಂಡಿನ ನೈಋತ್ಯ ಭಾಗದಲ್ಲಿ, ಏರ್ ಪಟ್ಟಣಕ್ಕೆ ಹೊಂದಿಕೊಂಡಿರುವ ಆಲೊವೇ ಎಂಬ ಊರಿನಲ್ಲಿ, ಮಾಡು ಬಿದ್ದುಹೋಗಿ ಗೋಡೆಗಳಷ್ಟೇ ಉಳಿದ ಹಳೆಯ ಚರ್ಚೊಂದಿದೆ. ಅದರ ಅಂಗಳದಲ್ಲಿ ಕವಿ ರಾಬರ್ಟ್ ಬರ್ನ್ಸ್ ಅವರ ತಂದೆಯ ಗೋರಿಕಲ್ಲು ನಿಂತಿದೆ. ರೈತ ವಿಲಿಯಂ ಬರ್ನ್ಸ್ 1784ರ ಫೆಬ್ರವರಿಯಲ್ಲಿ ತಮ್ಮ ವಯಸ್ಸಿನ 63ನೇ ವರ್ಷದಲ್ಲಿ ತೀರಿಕೊಂಡರೆಂದೂ, ಅವರ ಮಡದಿ ಆಗ್ನೆಸ್ ಬ್ರೌನ್ 1820ರ ಜನವರಿಯಲ್ಲಿ 88ನೇ ವರ್ಷದಲ್ಲಿ ತೀರಿಕೊಂಡರೆಂದೂ, ಆಕೆಯನ್ನು ಮಣ್ಣು ಮಾಡಿದ್ದು ಮಾತ್ರ ದೂರದ ಈಸ್ಟ್ ಲೋಥಿಯನ್ ಸೀಮೆಯ ಬೋಲ್ಟನ್ ಚರ್ಚಿನ ಅಂಗಳದಲ್ಲೆಂದೂ ಅದರ ಮೇಲೆ ಕೆತ್ತಲಾಗಿದೆ.

ಈ ಕೆಲವೇ ಸಾಲುಗಳನ್ನು ನಿಧಾನವಾಗಿ ಓದಿದರೆ, ಸ್ಕಾಟ್ಲೆಂಡಿನಲ್ಲಿ ವಂಶ ಹುಡುಕುವವರಿಗೆ ಬೇಕಾದ ಪಾಠಗಳಲ್ಲಿ ಹೆಚ್ಚಿನವು ಇಲ್ಲಿಯೇ ಸಿಗುತ್ತವೆ. ಮೊದಲನೆಯದಾಗಿ, ಕಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವ್ಯಕ್ತಿ ಅದರ ಅಡಿಯಲ್ಲೇ ಇದ್ದಾರೆಂದು ಹೇಳಲಾಗದು. ಎರಡನೆಯದಾಗಿ, ‘63ನೇ ವರ್ಷದಲ್ಲಿ’ ಎಂದರೆ 62 ತುಂಬಿ 63 ನಡೆಯುತ್ತಿತ್ತು ಎಂದರ್ಥ. 1784ರಲ್ಲಿ 63 ಕಳೆದು 1721 ಎಂದು ನೇರವಾಗಿ ಲೆಕ್ಕ ಹಾಕಿದರೆ ಈ ಉದಾಹರಣೆಯಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ ಅವರು ಹುಟ್ಟಿದ್ದು 1721ರ ನವೆಂಬರಿನಲ್ಲಿ. ಆದರೆ ವರ್ಷದ ಕೊನೆಯಲ್ಲಿ ತೀರಿಕೊಂಡವರ ವಿಷಯದಲ್ಲಿ ಇದೇ ಲೆಕ್ಕ ಒಂದು ವರ್ಷ ತಪ್ಪಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. 1757ರಲ್ಲಿ ಮದುವೆಯಾಗಿ, ಏಳು ಮಕ್ಕಳನ್ನು ಹೆತ್ತು, 36 ವರ್ಷ ವಿಧವೆಯಾಗಿ ಬಾಳಿದ ಆ ತಾಯಿಯ ಹೆಸರು ಗಂಡನ ಗೋರಿಕಲ್ಲಿನ ಮೇಲೂ ‘ಆಗ್ನೆಸ್ ಬ್ರೌನ್’ ಎಂದೇ ಉಳಿದಿದೆ.

ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಹೆಣ್ಣಿನ ತವರಿನ ಹೆಸರು ಅಳಿಸಿಹೋಗುವುದಿಲ್ಲ. ದೈನಂದಿನ ಬಳಕೆಯಲ್ಲಿ ಆಕೆ ಗಂಡನ ಹೆಸರಿನಿಂದ ಕರೆಸಿಕೊಂಡಿದ್ದರೂ ಕಾಗದ ಮತ್ತು ಕಲ್ಲು ಎರಡೂ ಆಕೆಯ ಹುಟ್ಟುಮನೆಯನ್ನು ನೆನಪಿಟ್ಟುಕೊಳ್ಳುತ್ತವೆ. ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆಯಲ್ಲಿ, ಹತ್ತಾರು ವಿಲಿಯಂ ಬರ್ನ್ಸ್‌ಗಳು, ಜಾನ್ ಮೆಕ್‌ಡೊನಾಲ್ಡ್‌ಗಳು ಸಿಗುವ ನಾಡಿನಲ್ಲಿ ನಮ್ಮವರು ಯಾರೆಂದು ಬೇರ್ಪಡಿಸಿ ತೋರಿಸುವುದು ಆ ಹೆಸರೇ. ಆದ್ದರಿಂದ ಹುಡುಕಾಟದ ಪ್ರತಿಯೊಂದು ಹಂತದಲ್ಲೂ ತಂದೆಯ ಹೆಸರಿಗಿಂತ ಮೊದಲು ತಾಯಿಯ ತವರಿನ ಹೆಸರನ್ನು ಬರೆದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹತ್ತಿರದವರಿಂದ ಹಿಂದಕ್ಕೆ

ನಮ್ಮ ಹೆಳವರಂತೆಯೇ ಹೈಲ್ಯಾಂಡ್ ಎಂಬ ಬೆಟ್ಟಸೀಮೆಯ ಕುಲಮುಖ್ಯಸ್ಥರ ಮನೆಗಳಲ್ಲಿ ವಂಶಾವಳಿ ಹೇಳುವ ಶೆನಖಿಗಳಿದ್ದರು. ಆದರೆ ಗೇಣಿದಾರರು, ನೇಕಾರರು, ಗಣಿ ಕಾರ್ಮಿಕರ ವಂಶವನ್ನು ಯಾರೂ ಹಾಡಲಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ಕೆಲಸ ಶುರುವಾಗಬೇಕಾದದ್ದು ಮನೆಯಿಂದ. ಬದುಕಿರುವ ಹಿರಿಯರನ್ನು ಕೇಳಿ, ಬೈಬಲ್ಲಿನ ಮೊದಲ ಪುಟಗಳಲ್ಲಿ ಬರೆದಿಟ್ಟ ಹುಟ್ಟು-ಸಾವುಗಳನ್ನು, ಫೋಟೊಗಳ ಹಿಂಬದಿಯನ್ನು, ಹಳೆಯ ಪತ್ರಗಳನ್ನು ನೋಡಿ, ಸ್ಕಾಟ್ಲೆಂಡಿನಲ್ಲೇ ತೀರಿಕೊಂಡ ಅತ್ಯಂತ ಇತ್ತೀಚಿನ ಒಬ್ಬ ಹಿರಿಯರನ್ನು ಗೊತ್ತುಮಾಡಿಕೊಳ್ಳಬೇಕು. ಪ್ರಸಿದ್ಧ ಕುಲವೊಂದರ ಮುಖ್ಯಸ್ಥನಿಂದ ಶುರುಮಾಡಿ ಕೆಳಗಿಳಿಯುತ್ತ ಬಂದರೆ ನಮ್ಮ ಮನೆ ಸಿಗುವುದಿಲ್ಲ. ಕ್ಯಾಂಬೆಲ್ ಎಂಬ ಅಡ್ಡಹೆಸರಿದ್ದವರೆಲ್ಲ ಒಂದೇ ರಕ್ತದವರಲ್ಲ. ಮುಖ್ಯಸ್ಥನ ನೆಲದಲ್ಲಿ ಉತ್ತವರೂ, ರಕ್ಷಣೆ ಬೇಡಿ ಬಂದವರೂ ಅವನ ಹೆಸರನ್ನೇ ಇಟ್ಟುಕೊಂಡದ್ದುಂಟು.

ಹಿರಿಯರೊಬ್ಬರು ಗೊತ್ತಾದ ಮೇಲೆ ಹುಡುಕಬೇಕಾದದ್ದು ಅವರ ಮರಣ ದಾಖಲೆಯನ್ನು. ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ 1855ರ ಜನವರಿ 1ರಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ ಇದು ಅದಕ್ಕೂ ಮೊದಲೇ ಆರಂಭವಾಗಿತ್ತಾದರೂ ಅಲ್ಲಿನ ಹಳೆಯ ಮರಣ ಪತ್ರದಲ್ಲಿ ವಯಸ್ಕರ ತಂದೆ-ತಾಯಿಯ ಹೆಸರಿಗೆ ಜಾಗವಿರಲಿಲ್ಲ. ಸ್ಕಾಟ್ಲೆಂಡಿನ ಪತ್ರದಲ್ಲಾದರೋ ತೀರಿಕೊಂಡವರ ತಂದೆಯ ಹೆಸರು, ಉದ್ಯೋಗ, ತಾಯಿಯ ಹೆಸರು, ಅದರೊಂದಿಗೆ ಆಕೆಯ ತವರಿನ ಹೆಸರು ಎಲ್ಲವೂ ಇರುತ್ತವೆ. 1860ರಲ್ಲಿ 80 ವರ್ಷದ ಮುದುಕಿಯೊಬ್ಬಳು ತೀರಿಕೊಂಡಿದ್ದರೆ, ಆ ಒಂದು ಹಾಳೆ ನಮ್ಮನ್ನು 18ನೇ ಶತಮಾನದ ನಡುಭಾಗದಲ್ಲಿ ಹುಟ್ಟಿದ ಆಕೆಯ ತಂದೆ-ತಾಯಿಯವರೆಗೆ ಒಯ್ಯುತ್ತದೆ. ಆದರೆ ಮಾಹಿತಿ ಕೊಟ್ಟವರು ಯಾರೆಂಬ ಕಾಲಂ ನೋಡದೆ ಮುಂದೆ ಹೋಗಬಾರದು. ಮಗಳು ಹೇಳಿದ ಅಜ್ಜಿಯ ಹೆಸರಿಗೆ ಇರುವ ತೂಕ ನೆರೆಮನೆಯವರು ಹೇಳಿದ್ದಕ್ಕೆ ಇರುವುದಿಲ್ಲ.

ಆ ಮೊದಲ ವರ್ಷ, ಅಂದರೆ 1855, ಒಂದು ನಿಧಿಯೇ ಸರಿ. ಅಂದಿನ ಜನನ ದಾಖಲೆಯಲ್ಲಿ ತಂದೆ-ತಾಯಿಯ ವಯಸ್ಸು, ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಸ್ಥಳ, ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳ ಸಂಖ್ಯೆ ಎಲ್ಲವನ್ನೂ ಕೇಳಲಾಗಿತ್ತು. ಮರಣ ದಾಖಲೆಯಲ್ಲಿ ಮಕ್ಕಳ ಹೆಸರುಗಳನ್ನೂ ಬರೆಯಲಾಗಿತ್ತು. ಇಷ್ಟೆಲ್ಲ ಬರೆಯುವುದು ನೋಂದಣಿದಾರರಿಗೆ ಹೊರೆಯಾಯಿತೆಂದು ಮರುವರ್ಷವೇ ಹಲವು ಕಾಲಂಗಳನ್ನು ಕೈಬಿಟ್ಟರು. 1861ರಿಂದ ಜನನ ದಾಖಲೆಯಲ್ಲಿ ತಂದೆ-ತಾಯಿಯ ಮದುವೆಯ ದಿನಾಂಕ ಮತ್ತು ಸ್ಥಳ ಮರಳಿ ಬಂದವು. ನಿಮ್ಮ ನೇರ ಪೂರ್ವಜರು 1855ರಲ್ಲಿ ಹುಟ್ಟಿರದಿದ್ದರೂ ಅವರ ಒಡಹುಟ್ಟಿದವರೊಬ್ಬರು ಹುಟ್ಟಿದ್ದರೆ ಆ ದಾಖಲೆಯನ್ನು ತಪ್ಪದೆ ತರಿಸಿಕೊಳ್ಳಿ.

ಗೋರಿ ಹುಡುಕುವವರಿಗೆ ಇನ್ನೊಂದು ಅನುಕೂಲವಿದೆ. 1855ರಿಂದ 1860ರವರೆಗಿನ ಮರಣ ದಾಖಲೆಗಳಲ್ಲಿ ಮಣ್ಣು ಮಾಡಿದ ಸ್ಥಳವನ್ನೂ ನಮೂದಿಸುತ್ತಿದ್ದರು. ಕವಿಯ ಕೊನೆಯ ತಂಗಿ ಇಸಾಬೆಲ್ಲಾ 1858ರ ಡಿಸೆಂಬರಿನಲ್ಲಿ ತೀರಿಕೊಂಡು ಆಲೊವೇಯಲ್ಲಿ ಮಣ್ಣಾದಳು. ಅವಳ ಓರಗೆಯವರ ಗೋರಿಗಳಿಗೆ ಆ ಕಾಲಂ ದಾರಿ ತೋರಿಸುತ್ತದೆ.

ಈ ದಾಖಲೆಗಳೆಲ್ಲ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ನಡೆಸುವ ‘ಸ್ಕಾಟ್‌ಲ್ಯಾಂಡ್ಸ್ ಪೀಪಲ್’ ಎಂಬ ಜಾಲತಾಣದಲ್ಲಿವೆ. ಸೂಚಿಯಲ್ಲಿ ಹೆಸರು ಹುಡುಕಲು ಹಣ ಕೊಡಬೇಕಿಲ್ಲ. ನೋಂದಣಿ ಪುಟಗಳ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಖಾಸಗಿತನದ ದೃಷ್ಟಿಯಿಂದ 100 ವರ್ಷದೊಳಗಿನ ಜನನ, 75 ವರ್ಷದೊಳಗಿನ ಮದುವೆ, 50 ವರ್ಷದೊಳಗಿನ ಮರಣ ದಾಖಲೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ತೋರಿಸುವುದಿಲ್ಲ. ಮದುವೆಯಾದ ಹೆಣ್ಣಿನ ಮರಣವನ್ನು ಗಂಡನ ಹೆಸರಿನಡಿಯಲ್ಲೂ ತವರಿನ ಹೆಸರಿನಡಿಯಲ್ಲೂ ಸೂಚಿಯಲ್ಲಿ ಸೇರಿಸಿರುವುದರಿಂದ ಎರಡನ್ನೂ ಒಟ್ಟಿಗೆ ಕೊಟ್ಟು ಹುಡುಕಿದರೆ ನೂರಾರು ಹೆಸರುಗಳ ಪಟ್ಟಿ ಕೆಲವೇ ಹೆಸರುಗಳಿಗೆ ಇಳಿಯುತ್ತದೆ, ಹಣವೂ ಉಳಿಯುತ್ತದೆ.

ಜನಗಣತಿಯ ವಿಷಯ ಇಷ್ಟು ವಿಸ್ತಾರವಾಗಿ ಹೇಳಬೇಕಾದದ್ದಲ್ಲ. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಗಳು 1921ರವರೆಗೆ ನೋಡಲು ತೆರೆದಿವೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿರುವುದರಿಂದ 59 ವರ್ಷದವರು 55 ಆಗಿ ಕಾಣುತ್ತಾರೆ, ಮತ್ತು ಮನೆಯಲ್ಲಿದ್ದವರ ಪರಸ್ಪರ ಸಂಬಂಧವನ್ನೂ ಅದರಲ್ಲಿ ಬರೆದಿಲ್ಲ. 1851ರಿಂದ ಸಂಬಂಧ ಮತ್ತು ಹುಟ್ಟಿದ ಪ್ಯಾರಿಷ್ ಎರಡೂ ಸಿಗುತ್ತವೆ. ಮುಂದಿನ ಹಂತಕ್ಕೆ ಆ ಪ್ಯಾರಿಷ್‌ನ ಹೆಸರೇ ಬೇಕು.

ಚರ್ಚಿನ ಪುಸ್ತಕಗಳು

1855ಕ್ಕೆ ಮೊದಲಿನ ಕಾಲಕ್ಕೆ ಆಧಾರ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಪ್ಯಾರಿಷ್ ಪುಸ್ತಕಗಳು. ಅವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಎಂಬ ಊರಿನದು, 1553ರಲ್ಲಿ ಶುರುವಾಗುತ್ತದೆ. ಎಲ್ಲ ಊರುಗಳ ಪುಸ್ತಕಗಳೂ ಅಷ್ಟು ಹಳೆಯವಲ್ಲ, ಹೈಲ್ಯಾಂಡ್ ಮತ್ತು ದ್ವೀಪಗಳಲ್ಲಿ ಎಷ್ಟೋ ಕಡೆ 18ನೇ ಶತಮಾನದ ಕೊನೆಯವರೆಗೂ ಏನೂ ಸಿಗುವುದಿಲ್ಲ. ಬ್ಯಾಪ್ಟಿಸಂ, ಅಂದರೆ ಮಗುವಿನ ದೀಕ್ಷಾಸ್ನಾನ, ಮತ್ತು ಮದುವೆಗೆ ಮುಂಚೆ ಚರ್ಚಿನಲ್ಲಿ ಸಾರುವ ಘೋಷಣೆಗಳು ಹೆಚ್ಚಾಗಿವೆ. ಸಾವಿನ ದಾಖಲೆ ವಿರಳ. ಕೆಲವು ಊರುಗಳಲ್ಲಿ ಶವಪೆಟ್ಟಿಗೆಯ ಮೇಲೆ ಹೊದಿಸುವ ಬಟ್ಟೆಗೆ ಚರ್ಚು ಪಡೆಯುತ್ತಿದ್ದ ಬಾಡಿಗೆಯ ಲೆಕ್ಕವೇ ಸಾವಿಗೆ ಉಳಿದಿರುವ ಏಕೈಕ ಸಾಕ್ಷಿ. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ ಮೂರು ಪೆನ್ಸ್ ತೆರಿಗೆ ಇದ್ದುದರಿಂದ ಬಡವರಲ್ಲಿ ಎಷ್ಟೋ ಮಂದಿ ಹೆಸರು ಬರೆಸಲೇ ಇಲ್ಲ. 1843ರಲ್ಲಿ ಚರ್ಚು ಒಡೆದು ಸುಮಾರು ಮೂರನೇ ಒಂದರಷ್ಟು ಪಾದ್ರಿಗಳು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಅಲ್ಲಿಂದ ಮುಂದೆ ಹೆಸರು ಕಾಣೆಯಾದರೆ ಆ ಚರ್ಚಿನ ಪುಸ್ತಕಗಳಲ್ಲಿ ನೋಡಬೇಕು.

ಇಲ್ಲಿ ಬರ್ನ್ಸ್ ಮನೆತನದ ಕಡೆಗೇ ಮರಳೋಣ. ಸ್ಕಾಟರಲ್ಲಿ ಮಕ್ಕಳಿಗೆ ಹೆಸರಿಡುವ ಒಂದು ವಾಡಿಕೆಯಿತ್ತು: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯದೇ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು, ಮೂರನೆಯವಳಿಗೆ ತಾಯಿಯದೇ ಹೆಸರು. ವಿಲಿಯಂ ಮತ್ತು ಆಗ್ನೆಸ್ ದಂಪತಿಯ ಗಂಡುಮಕ್ಕಳು ಕ್ರಮವಾಗಿ ರಾಬರ್ಟ್, ಗಿಲ್ಬರ್ಟ್, ವಿಲಿಯಂ, ಜಾನ್. ವಿಲಿಯಂ ಅವರ ತಂದೆ ರಾಬರ್ಟ್. ಆಗ್ನೆಸ್ ಅವರ ತಂದೆ ಗಿಲ್ಬರ್ಟ್ ಬ್ರೌನ್. ಮೊದಲ ಮಗಳಿಗೆ ಅಜ್ಜಿ ಆಗ್ನೆಸ್ ರೆನ್ನಿಯ ಹೆಸರು. ಇಲ್ಲಿಯವರೆಗೆ ವಾಡಿಕೆ ಅಚ್ಚುಕಟ್ಟಾಗಿ ನಡೆದಿದೆ. ಆದರೆ ತಂದೆಯ ತಾಯಿ ಇಸಾಬೆಲ್ಲಾ ಕೀತ್ ಹೆಸರು ಬರಬೇಕಾಗಿದ್ದ ಎರಡನೆಯ ಮಗಳು ಅನಬೆಲ್ಲಾ. ಇಸಾಬೆಲ್ಲಾ ಎಂಬ ಹೆಸರು ಕೊನೆಯ ಮಗಳಿಗೆ ಬಂತು. ವಾಡಿಕೆಯನ್ನು ಸುಳಿವೆಂದು ಹಿಡಿಯಬಹುದು, ಪುರಾವೆಯೆಂದು ಹಿಡಿಯಲಾಗದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ನನಗೆ ಸಿಕ್ಕಿಲ್ಲ.

ಕಾಗುಣಿತವೂ ಹೀಗೆಯೇ ಜಾರುತ್ತದೆ. ತಂದೆ ತಮ್ಮ ಹೆಸರನ್ನು ‘ಬರ್ನೆಸ್’ ಎಂದು ಓದಬಹುದಾದ ರೀತಿಯಲ್ಲಿ ಬರೆಯುತ್ತಿದ್ದರು. 1786ರಲ್ಲಿ ಮಕ್ಕಳು ಅದರ ಒಂದಕ್ಷರ ಬಿಟ್ಟು ‘ಬರ್ನ್ಸ್’ ಎಂದು ನೆಲೆಗೊಳಿಸಿದರು. ಮೆಕ್, ಮ್ಯಾಕ್ ಎರಡನ್ನೂ, ಜೀನ್, ಜೇನ್, ಜಾನೆಟ್ ಮೂರನ್ನೂ, ಪೀಟರ್ ಮತ್ತು ಪ್ಯಾಟ್ರಿಕ್ ಎರಡನ್ನೂ ಒಂದೇ ಎಂದು ಭಾವಿಸಿ ಹುಡುಕಬೇಕು. ಮನೆಯಲ್ಲಿ ಗೇಲಿಕ್ ಮಾತಾಡುತ್ತ ಟೊರ್ಮೊಡ್ ಎಂದು ಕರೆಸಿಕೊಂಡವನನ್ನು ಗುಮಾಸ್ತ ಇಂಗ್ಲಿಷಿನಲ್ಲಿ ನಾರ್ಮನ್ ಎಂದು ಬರೆದಿರುತ್ತಾನೆ.

ಮದುವೆಯ ದಾಖಲೆ ಎಲ್ಲೂ ಸಿಗದಿದ್ದರೆ ನಿರಾಶರಾಗಬೇಡಿ. ಪರಸ್ಪರ ಒಪ್ಪಿಗೆಯಿಂದ, ಪಾದ್ರಿಯಿಲ್ಲದೆ ಆದ ಮದುವೆಯನ್ನೂ ಸ್ಕಾಟಿಷ್ ಕಾನೂನು 1940ರವರೆಗೆ ಮನ್ನಿಸುತ್ತಿತ್ತು. ರಾಬರ್ಟ್ ಬರ್ನ್ಸ್ ಮತ್ತು ಜೀನ್ ಆರ್ಮರ್ ಅವರದು ಅಂಥದೇ ಮದುವೆ. 1788ರ ಆಗಸ್ಟ್‌ನಲ್ಲಿ ಮೊಕ್ಲಿನ್ ಊರಿನ ಕಿರ್ಕ್ ಸೆಷನ್, ಅಂದರೆ ಚರ್ಚಿನ ಹಿರಿಯರ ಪಂಚಾಯಿತಿ, ಇಬ್ಬರನ್ನೂ ಕರೆಸಿ ಅದನ್ನು ದಾಖಲಿಸಿಕೊಂಡಿತು. ಹುಟ್ಟಿದ ಮಗುವಿನ ತಂದೆ ಯಾರು, ಊರು ಬಿಟ್ಟು ಹೋದವರು ಯಾರು, ಬಡವರಿಗೆ ಕೊಟ್ಟ ಕಾಸೆಷ್ಟು ಎಂಬುದೆಲ್ಲ ಈ ಪಂಚಾಯಿತಿಗಳ ನಡಾವಳಿಯಲ್ಲಿದೆ. ಓದಲು ತಾಳ್ಮೆ ಬೇಕು, ಆದರೆ ಹಿರಿಯರ ದನಿ ಕೇಳಿಸುವುದು ಇಲ್ಲಿಯೇ.

ಕಲ್ಲಿನ ಮುಂದೆ ನಿಂತಾಗ

ಗೋರಿಕಲ್ಲಿನ ಹತ್ತಿರ ಹೋಗುವ ಮುನ್ನ, ಸ್ಥಳೀಯ ವಂಶಚರಿತ್ರೆ ಸಂಘಗಳು ಕಲ್ಲುಗಳನ್ನು ಓದಿ ಅಚ್ಚು ಹಾಕಿರುವ ಪಟ್ಟಿಗಳನ್ನು ನೋಡಬೇಕು. ದಶಕಗಳ ಹಿಂದೆ ಸ್ವಯಂಸೇವಕರು ಓದಿದ ಎಷ್ಟೋ ಅಕ್ಷರಗಳು ಇಂದು ಮರಳಾಗಿ ಉದುರಿಹೋಗಿವೆ, ಏಕೆಂದರೆ ಅಲ್ಲಿ ಹೆಚ್ಚಾಗಿ ಬಳಸಿದ್ದು ಮರಳುಗಲ್ಲನ್ನು. ಎಡಿನ್‌ಬರೋದ ಸ್ಕಾಟಿಷ್ ಜೀನಿಯಾಲಜಿ ಸೊಸೈಟಿಯ ಗ್ರಂಥಾಲಯದಲ್ಲಿ ಇಂಥ ಪಟ್ಟಿಗಳ ದೊಡ್ಡ ಸಂಗ್ರಹವಿದೆ.

ಕಲ್ಲನ್ನು ಉಜ್ಜಬೇಡಿ, ತಂತಿ ಬ್ರಷ್, ಸೀಮೆಸುಣ್ಣ, ಆಮ್ಲ ಯಾವುದನ್ನೂ ತಾಗಿಸಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯಿರಿ. ಇಲ್ಲವೇ ಜೊತೆಗಾರರೊಬ್ಬರ ಕೈಗೆ ಕನ್ನಡಿ ಕೊಟ್ಟು ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬೀಳಿಸಿ. ಏನೂ ಇಲ್ಲವೆಂದುಕೊಂಡಿದ್ದ ಮೈಯಲ್ಲಿ ಅಂಕಿಗಳು ನೆರಳಾಗಿ ಮೂಡುತ್ತವೆ. 18ನೇ ಶತಮಾನದ ಕಲ್ಲಾದರೆ ತಲೆಬುರುಡೆ, ಮರಳುಗಡಿಯಾರ, ರೆಕ್ಕೆಯುಳ್ಳ ಮುಖ ಕಾಣಬಹುದು. ಅವು ಎಲ್ಲರಿಗೂ ಸಾಮಾನ್ಯ. ಹುಡುಕುವವರಿಗೆ ಬೇಕಾದದ್ದು ಕಸುಬಿನ ಗುರುತು: ಕಿರೀಟ ಹೊತ್ತ ಸುತ್ತಿಗೆಯಿದ್ದರೆ ಕಮ್ಮಾರ, ಲಾಳಿಯಿದ್ದರೆ ನೇಕಾರ, ಕತ್ತರಿ-ಇಸ್ತ್ರಿಪೆಟ್ಟಿಗೆಯಿದ್ದರೆ ದರ್ಜಿ, ನೇಗಿಲ ಗುಳವಿದ್ದರೆ ರೈತ. ಹೆಸರು ಪೂರ್ತಿ ಕೆತ್ತಿಸಲು ಶಕ್ತಿಯಿಲ್ಲದವರು ಇಬ್ಬರ ಮೊದಲಕ್ಷರಗಳನ್ನಷ್ಟೇ ಕೆತ್ತಿಸುತ್ತಿದ್ದರು, ಅದರಲ್ಲೂ ಹೆಂಡತಿಯದು ತವರಿನ ಹೆಸರಿನ ಅಕ್ಷರ. ‘ರೆಲಿಕ್ಟ್’ ಎಂಬ ಮಾತು ಕಂಡರೆ ವಿಧವೆ ಎಂದರ್ಥ.

ಕಲ್ಲನ್ನು ನಿಲ್ಲಿಸಿದವರು ಯಾರು, ಯಾವಾಗ ಎಂದೂ ಕೇಳಿಕೊಳ್ಳಬೇಕು. ಆಲೊವೇಯಲ್ಲಿ ಕವಿ ನಿಲ್ಲಿಸಿದ ಮೊದಲ ಕಲ್ಲನ್ನು ಅಭಿಮಾನಿಗಳು ನೆನಪಿಗೆಂದು ಚೂರುಚೂರಾಗಿ ಕಿತ್ತೊಯ್ದರು. ಈಗಿರುವುದು ಆಮೇಲೆ ನಿಲ್ಲಿಸಿದ್ದು. ಬಹಳ ವರ್ಷಗಳ ನಂತರ ಮೊಮ್ಮಕ್ಕಳು ನೆನಪಿನಿಂದ ಕೆತ್ತಿಸಿದ ದಿನಾಂಕಕ್ಕಿಂತ ಸಾವಿನ ಮರುದಿನ ಬರೆಸಿದ ನೋಂದಣಿಯನ್ನೇ ನಂಬುವುದು ಲೇಸು. ಹಿಂಬದಿ, ಅಂಚು, ಅಕ್ಕಪಕ್ಕದ ಕಲ್ಲುಗಳು, ಎಲ್ಲದರ ಫೋಟೊ ತೆಗೆಯಿರಿ. ಪಕ್ಕದಲ್ಲಿ ಮಲಗಿದವರು ಹೆಂಡತಿಯ ಕಡೆಯವರೂ ಆಗಿರಬಹುದು, ಮತ್ತು ಅವರ ಮನೆತನದ ಹೆಸರು ನಿಮಗೆ ಮರಣ ದಾಖಲೆಯಲ್ಲಿ ಆಗಲೇ ಸಿಕ್ಕಿರಬಹುದು.

ಕೆಲವು ಜಾಡುಗಳು ಸ್ಕಾಟ್ಲೆಂಡಿನಲ್ಲಿ ಶುರುವಾಗಿ ನಮ್ಮ ನೆಲದಲ್ಲಿ ಮುಗಿಯುತ್ತವೆ. ಕನ್ನಡ ನಾಡಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟೋರ್ನೋವೇಯವರು; 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡರು. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದ ಹೈಲ್ಯಾಂಡ್ ಸೈನಿಕರು, ಕೊಡಗಿನ ಕಾಫಿ ತೋಟಗಳಿಗೆ ಬಂದವರು, ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಮದುವೆಯಾದವರು, ಇವರ ಇಲ್ಲಿನ ಮದುವೆ-ಸಾವುಗಳು ಸ್ಕಾಟ್ಲೆಂಡಿನ ಪ್ಯಾರಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಿಂದ ಕಳುಹಿಸಿದ ಬ್ಯಾಪ್ಟಿಸಂ, ಮದುವೆ, ಶವಸಂಸ್ಕಾರಗಳ ಪ್ರತಿಗಳಿವೆ. ಇಲ್ಲಿಯ ಗೋರಿಯೊಂದರ ಫೋಟೊ ತೆಗೆದು ಅಲ್ಲಿನ ಕುಟುಂಬಕ್ಕೆ ಕಳುಹಿಸುವ ಅವಕಾಶ ನಿಮಗೆ ಬಂದರೆ, ಗಂಡನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಹೆಂಡತಿಯ ಸಾಲು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ನೋಡಿ ಕಳುಹಿಸಿ.