ಯಕೃತ್ತಿನ ಸಾಲಿನಲ್ಲಿ ಸಿಕ್ಕ ತಪ್ಪು

ಪತ್ತೆಯಾದ ಪ್ರತಿ ಕ್ಯಾನ್ಸರನ್ನೂ ದಾಖಲಿಸಿ ಎಣಿಸುವ ಕ್ಯಾನ್ಸರ್ ನೋಂದಣಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ವಾರ್ಷಿಕ ಕೋಷ್ಟಕ ಸಿದ್ಧಮಾಡುತ್ತಿದ್ದವಳಿಗೆ ಯಕೃತ್ತಿನ ಸಾಲು ಬಂದಾಗ ಮುಂದಕ್ಕೆ ಹೋಗಲಾಗಲಿಲ್ಲ. ಹಿಂದಿನ ವರ್ಷಕ್ಕಿಂತ ಸಂಖ್ಯೆ ಎದ್ದು ಕಾಣುವಷ್ಟು ಏರಿತ್ತು. ಕ್ಯಾನ್ಸರ್ ಸಾಂಕ್ರಾಮಿಕ ಜ್ವರದ ಹಾಗೆ ಒಂದೇ ವರ್ಷದಲ್ಲಿ ಉಕ್ಕುವ ಕಾಯಿಲೆಯಲ್ಲ. ಹಾಗೇನಾದರೂ ಕಂಡರೆ ಮೊದಲು ಅನುಮಾನಿಸಬೇಕಾದ್ದು ನಮ್ಮ ಕಡತಗಳನ್ನೇ.

ಯಕೃತ್ತನ್ನು ಸೂಚಿಸುವ ಸಿ 22 ಸಂಕೇತದ ದಾಖಲೆಗಳನ್ನೆಲ್ಲ ತೆಗೆದು ಒಂದೊಂದಾಗಿ ಓದಿದೆ. ನಾವು ಬಳಸುವ ಐಸಿಡಿ-ಓ ಎಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ವರ್ಗೀಕರಣ ಪದ್ಧತಿಯಲ್ಲಿ ಗಡ್ಡೆ ಹುಟ್ಟಿದ ಜಾಗಕ್ಕೆ ಒಂದು ಸಂಕೇತ, ಅದರ ಬಗೆಗೆ ಇನ್ನೊಂದು. ಯಕೃತ್ತಿನ ಜೀವಕೋಶದಿಂದಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮಕ್ಕೆ 8170/3. ನನ್ನ ಹಲವು ದಾಖಲೆಗಳಲ್ಲಿ ಇದ್ದದ್ದು 8140/3, ಅಂದರೆ ಬರೀ ‘ಅಡಿನೋಕಾರ್ಸಿನೋಮ’, ಹಲವು ಅಂಗಗಳಲ್ಲಿ ಹುಟ್ಟಬಹುದಾದ ಗ್ರಂಥಿಕೋಶಗಳ ಕ್ಯಾನ್ಸರ್. ಬಯಾಪ್ಸಿ ತೆಗೆದದ್ದು ಯಕೃತ್ತಿನಿಂದ, ಹಾಗಾಗಿ ಜಾಗವನ್ನೂ ಯಕೃತ್ತು ಎಂದೇ ಬರೆದುಬಿಟ್ಟಿದ್ದೆ. ರಿಪೋರ್ಟಿನ ಕೊನೇ ಸಾಲಿನಲ್ಲಿದ್ದ ‘ಮೆಟಾಸ್ಟಾಟಿಕ್’, ಅಂದರೆ ಬೇರೆಡೆಯಿಂದ ಹರಡಿದ್ದು, ಎಂಬ ಪದವನ್ನು ಓದಿಯೇ ಇರಲಿಲ್ಲ.

ಕೇಸ್ ಶೀಟ್‌ಗಳನ್ನು ಮತ್ತೆ ತರಿಸಿದೆ. ಕೆಲವರಿಗೆ ತಿಂಗಳುಗಳ ಹಿಂದೆಯೇ ಕೊಲೊನೋಸ್ಕೋಪಿಯಲ್ಲಿ ದೊಡ್ಡ ಕರುಳಿನ ಗಡ್ಡೆ ಸಿಕ್ಕಿತ್ತು. ಯಕೃತ್ತಿಗೆ ಬಂದದ್ದು ಸೆಕೆಂಡರಿ, ಅಲ್ಲಿಂದ ಹರಡಿದ ಗಡ್ಡೆ. ರೋಗ ಎಲ್ಲಿಗೆ ಹರಡಿತು ಎಂಬುದರಿಂದ ನೋಂದಣಿಯ ಸಂಕೇತ ಬದಲಾಗುವುದಿಲ್ಲ, ಎಲ್ಲಿ ಹುಟ್ಟಿತು ಎಂಬುದೇ ಲೆಕ್ಕ. ಹುಟ್ಟಿದ ಜಾಗ ಎಷ್ಟು ಹುಡುಕಿದರೂ ತಿಳಿಯದಿದ್ದರೆ ಸಿ 80.9 ಎಂದು ಬರೆಯಬೇಕು. ಊಹಿಸಿ ಯಕೃತ್ತಿಗೆ ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಇನ್ನೂ ಬೇಸರದ ಸಂಗತಿಯೆಂದರೆ, ಇವರಲ್ಲಿ ಇಬ್ಬರು ಬೇರೆ ಆಸ್ಪತ್ರೆಯ ದಾಖಲೆಯಿಂದ ಕರುಳಿನ ಕ್ಯಾನ್ಸರ್ ಎಂದು ಆಗಲೇ ನೋಂದಣಿಯಾಗಿದ್ದರು. ಒಂದೇ ಕಾಯಿಲೆಯನ್ನು ಎರಡು ಸಲ ಎಣಿಸಿದ್ದೆ. ಹೆಸರಿನಲ್ಲಿ ಒಂದು ಅಕ್ಷರ, ವಯಸ್ಸಿನಲ್ಲಿ ಎರಡು ವರ್ಷ ವ್ಯತ್ಯಾಸವಿದ್ದುದರಿಂದ ಕಂಪ್ಯೂಟರಿಗೆ ಅದು ಹೊಳೆದಿರಲಿಲ್ಲ.

ಅಂದಿನಿಂದ ಕೆಲಸದ ಕ್ರಮ ಬದಲಾಯಿಸಿಕೊಂಡೆ. ಪೆಥಾಲಜಿ ರಿಪೋರ್ಟ್ ಒಂದನ್ನೇ ನೋಡಿ ಸಂಕೇತ ಹಾಕುವುದಿಲ್ಲ. ಸ್ಕ್ಯಾನ್, ಎಂಡೋಸ್ಕೋಪಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮೂರನ್ನೂ ಓದುತ್ತೇನೆ. ಯಕೃತ್ತು, ಶ್ವಾಸಕೋಶ, ಮೂಳೆ, ಮೆದುಳು ಬಂದರೆ ಇನ್ನಷ್ಟು ನಿಧಾನಿಸುತ್ತೇನೆ, ಬೇರೆಡೆಯ ಕ್ಯಾನ್ಸರ್ ಹೋಗಿ ಕೂರುವ ಜಾಗಗಳು ಅವು. ರೋಗಪತ್ತೆಯ ಆಧಾರ ಎಂಬ ಅಂಕಣದಲ್ಲಿ ಮೂಲ ಗಡ್ಡೆಯ ಬಯಾಪ್ಸಿಗೆ 7, ಹರಡಿದ ಗಡ್ಡೆಯದಕ್ಕೆ 6. ಈ ಒಂದು ಅಂಕಿಯನ್ನು ಸರಿಯಾಗಿ ತುಂಬಲು ಕೂತರೆ ಸಾಕು, ಮೇಲಿನ ತಪ್ಪು ಆಗಲಾರದು.

ರೋಗ ಪತ್ತೆಯಾದ ದಿನಾಂಕವೂ ಅಷ್ಟೇ ಕಾಡುತ್ತದೆ. ಚಿಕಿತ್ಸೆ ಶುರುವಾದ ದಿನ ಕೇಸ್ ಶೀಟಿನ ಮೊದಲ ಪುಟದಲ್ಲೇ ಇರುತ್ತದೆ, ಬಯಾಪ್ಸಿಯಲ್ಲಿ ಮೊದಲು ಖಚಿತವಾದ ದಿನವನ್ನು ಹುಡುಕಬೇಕು. ಡಿಸೆಂಬರಿನಲ್ಲಿ ಪತ್ತೆಯಾಗಿ ಜನವರಿಯಲ್ಲಿ ಚಿಕಿತ್ಸೆ ಆರಂಭವಾದವರು ತಪ್ಪು ವರ್ಷದ ಲೆಕ್ಕಕ್ಕೆ ಸೇರಿಬಿಡುತ್ತಾರೆ, ಅವರ ಬದುಕುಳಿದ ಅವಧಿಯ ಲೆಕ್ಕವೂ ಮೊಟಕಾಗುತ್ತದೆ.

ಮರಣ ಪ್ರಮಾಣಪತ್ರಗಳದ್ದು ಬೇರೆಯೇ ಪಾಡು. ಕಾರಣ ಕ್ಯಾನ್ಸರ್ ಎಂದಿದ್ದು, ನಮ್ಮಲ್ಲಿ ಆ ಹೆಸರೇ ಇಲ್ಲದಿದ್ದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಿಂದಕ್ಕೆ ಹುಡುಕುತ್ತಾ ಹೋಗುತ್ತೇವೆ. ಎಲ್ಲೂ ಸಿಗದಿದ್ದರೆ ಮಾತ್ರ ‘ಮರಣಪತ್ರ ಮಾತ್ರ’ ಎಂದು ಸೇರಿಸುತ್ತೇವೆ. ಈ ಪಾಲು ಹೆಚ್ಚಾದರೆ ಬದುಕಿದ್ದಾಗ ಎಷ್ಟೋ ಜನ ನಮ್ಮ ಕಣ್ಣು ತಪ್ಪಿದ್ದಾರೆ ಎಂದರ್ಥ. ಎಲ್ಲಾ ದಾಖಲೆಗಳಿಗೂ ಬಯಾಪ್ಸಿ ಇದೆ ಎಂದು ಹೆಮ್ಮೆಪಡುವವರನ್ನೂ ಕಂಡಿದ್ದೇನೆ. ನನಗೆ ಅದು ಆತಂಕದ ಸುದ್ದಿ. ಮೇದೋಜೀರಕದ ಕ್ಯಾನ್ಸರಿನಲ್ಲಿ ಬಯಾಪ್ಸಿ ಮಾಡಿಸಲಾಗದ ರೋಗಿಗಳು ಇದ್ದೇ ಇರುತ್ತಾರೆ. ಅವರು ನಮ್ಮ ಪಟ್ಟಿಯಲ್ಲಿಲ್ಲ ಎಂದರೆ ನಾವು ಪೆಥಾಲಜಿ ವಿಭಾಗದ ಆಚೆ ಹುಡುಕಿಲ್ಲ.

ಇಷ್ಟು ಪಾಡು ಯಾಕೆ ಪಡಬೇಕು ಎಂದು ಹೊಸಬರು ಕೇಳಿದಾಗ ಎರಡು ಉದಾಹರಣೆ ಹೇಳುತ್ತೇನೆ. ದಕ್ಷಿಣ ಕೊರಿಯಾದಲ್ಲಿ 2011ರ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರದಕ್ಕಿಂತ ಸುಮಾರು 15 ಪಟ್ಟು ಹೆಚ್ಚಿತ್ತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾದ್ದರಿಂದಲೇ, ಅಲ್ಟ್ರಾಸೌಂಡ್ ತಪಾಸಣೆ ಎಂದೂ ತೊಂದರೆ ಕೊಡದ ಸಣ್ಣ ಗಡ್ಡೆಗಳನ್ನು ಹೊರತೆಗೆಯುತ್ತಿದೆ ಎಂಬುದು ತಿಳಿದದ್ದು. ಸ್ವೀಡನ್‌ನಲ್ಲಿ ಸುಮಾರು 16.7 ಲಕ್ಷ ಹುಡುಗಿಯರು ಮತ್ತು ಮಹಿಳೆಯರ ಲಸಿಕೆ ದಾಖಲೆಯನ್ನು ಕ್ಯಾನ್ಸರ್ ನೋಂದಣಿಯ ಜೊತೆ ತಾಳೆ ನೋಡಿದರು. 17 ತುಂಬುವ ಮೊದಲೇ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್, ಲಸಿಕೆ ಪಡೆಯದವರಿಗಿಂತ ಶೇ. 88ರಷ್ಟು ಕಡಿಮೆ ಎಂಬುದು 2020ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರತಿ ವ್ಯಕ್ತಿಗೂ ಒಂದೇ ಗುರುತಿನ ಸಂಖ್ಯೆ ಇದ್ದುದರಿಂದ ಆ ತಾಳೆ ಕೈಗೂಡಿತು.

ಅಂಥ ಸಂಖ್ಯೆ ಇಲ್ಲದ ಕಡೆ ಹೆಸರು, ಹುಟ್ಟಿದ ದಿನ, ವಿಳಾಸಗಳೇ ಗತಿ. ‘ಎಣಿಸೋದಕ್ಕೆ ಹೆಸರು ಯಾಕೆ ಬೇಕು?’ ಎಂದು ಆಸ್ಪತ್ರೆಯ ದಾಖಲೆ ವಿಭಾಗದವರು ಆಗಾಗ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಸಂಶೋಧಕರ ಕೈಗೆ ಹೆಸರು ಹೋಗುವುದಿಲ್ಲ, ನಮ್ಮ ಕಂಪ್ಯೂಟರಿನಲ್ಲೂ ಎಲ್ಲರಿಗೂ ಕಾಣುವುದಿಲ್ಲ ಎಂದು ಹೇಳುತ್ತೇನೆ. ಆಮೇಲೆ ಆ ಇಬ್ಬರ ಕಥೆ ಹೇಳುತ್ತೇನೆ, ಗುರುತೊಂದನ್ನೂ ಬಿಟ್ಟುಕೊಡದೆ: ಕರುಳಿನಲ್ಲೊಮ್ಮೆ, ಯಕೃತ್ತಿನಲ್ಲೊಮ್ಮೆ ನಾನು ಎಣಿಸಿದವರ ಕಥೆ.